ಹೊಂಡದ ಇಂಜಿನ್ನಿಗೆ ಡೀಸೆಲ್ ಫಿಲ್ಟರ್: ಯಾವುದು, ಎಲ್ಲಿ?

ಮಳೆಯಾಶ್ರಿತ ಜಮೀನಿನಲ್ಲಿ ಕೃಷಿ ಹೊಂಡ ಮಾಡಿಕೊಂಡವರು ಈಗ ಬಹಳ ಮಂದಿ. 2014-15ರಲ್ಲಿ ರಾಜ್ಯದಲ್ಲಿ ಕೃಷಿ ಭಾಗ್ಯ ಯೋಜನೆ ಶುರುವಾದ ಮೇಲೆ ಹೊಂಡ, ಅದಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ನೀರೆತ್ತಲು ಡೀಸೆಲ್ ಪಂಪು, ತುಂತುರು ಪೈಪು ಎಲ್ಲಕ್ಕೂ ಸಹಾಯಧನ ಸಿಕ್ಕಿತು. ಹೊಂಡದ ನೀರು ದಿನಾ ಬೇಕಾಗುವುದಿಲ್ಲ. ಶೇಂಗಾ ಹೂವಾಗಿ ಕಾಯಿ ಕಟ್ಟುವಾಗ ಮಳೆ ಹದಿನೈದಿಪ್ಪತ್ತು ದಿನ ಕೈಕೊಟ್ಟರೆ ಒಂದೋ ಎರಡೋ ಸಲ ಬೇಕು. ವರ್ಷವಿಡೀ ಸುಮ್ಮನೆ ಕೂತ ಇಂಜಿನ್ ಆ ಎರಡು ದಿನ ನಿಲ್ಲದೆ ಓಡಬೇಕು. ಹೀಗೆ ಕೂತು ಓಡುವ ಇಂಜಿನ್ನಿಗೆ ದೊಡ್ಡ ಶತ್ರು ಡೀಸೆಲ್ಲಿನಲ್ಲಿರುವ ಧೂಳು ಮತ್ತು ನೀರು.

ನಮ್ಮದು ಚಳ್ಳಕೆರೆ ಕಡೆಯ ಕೆಂಪು ಮರಳು ನೆಲ. ಆಷಾಢದ ಗಾಳಿಗೆ ಕ್ಯಾನಿನ ಮುಚ್ಚಳ ತೆಗೆದರೆ ಸಾಕು, ಧೂಳು ಒಳಗೆ. ಪಕ್ಕದ ಹೊಲದವರ ಇಂಜಿನ್ ಒಂದು ಸಲ ಇಂಥ ಹೊತ್ತಿನಲ್ಲೇ ನಿಂತಿತು. ಡೀಸೆಲ್ ಪಂಪಿನ ಎಲಿಮೆಂಟ್ ಸವೆದಿದೆ ಅಂತ ಮೆಕ್ಯಾನಿಕ್ ಬಿಚ್ಚಿಕೊಂಡು ಹೋದವರು ಆರನೇ ದಿನಕ್ಕೆ ತಂದರು. ಅಷ್ಟರಲ್ಲಿ ಬೆಳೆ ಬಾಡಿ ಮಲಗಿತ್ತು, ಹೊಂಡದಲ್ಲಿ ನೀರು ಹಾಗೇ ಇತ್ತು. ಇದನ್ನು ನೋಡಿದ ಮೇಲೆ ನಾನು ನನ್ನ 5 ಎಚ್.ಪಿ. ಇಂಜಿನ್ನಿನ ಡೀಸೆಲ್ ದಾರಿಯನ್ನೇ ಬದಲು ಮಾಡಿಕೊಂಡೆ. ನಾಲ್ಕು ವರ್ಷದಿಂದ ತೊಂದರೆ ಇಲ್ಲ. ಮಾಡಿದ್ದು ಏನು, ಯಾಕೆ ಅಂತ ಇಲ್ಲಿ ಬರೆದಿದ್ದೇನೆ.

ಧೂಳು ಏನು ಮಾಡುತ್ತದೆ?

ಇಂಜಿನ್ನಿನ ಡೀಸೆಲ್ ಪಂಪಿನೊಳಗೆ ಒಂದು ಕಡ್ಡಿ ಒಂದು ಕೊಳವೆಯಲ್ಲಿ ಮೇಲೆ ಕೆಳಗೆ ಆಡುತ್ತದೆ. ಅವೆರಡರ ನಡುವಿನ ಸಂದು ಎರಡು ಮೂರು ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಅಂದ ಮೇಲೆ ಕಣ್ಣಿಗೆ ಕಾಣದ ಧೂಳು ಸಹ ಅಲ್ಲಿ ಉಕ್ಕನ್ನು ಗೀಚುತ್ತದೆ. ಗೀಚಿದಲ್ಲಿ ಡೀಸೆಲ್ ಹಿಂದಕ್ಕೆ ಸೋರುತ್ತದೆ, ಒತ್ತಡ ಏರುವುದಿಲ್ಲ, ಇಂಜಿನ್ ಹಿಡಿಯುವುದಿಲ್ಲ. ನೀರು ಹೋದರೆ ಅಲ್ಲೇ ತುಕ್ಕು. ಪಂಚೆ ಬಟ್ಟೆಯಲ್ಲಿ ಸೋಸಿ ಹಾಕ್ತೀವಲ್ಲ ಅಂತ ಕೆಲವರು ಹೇಳುತ್ತಾರೆ. ಬಟ್ಟೆ ಕಸಕಡ್ಡಿ ತಡೆಯುತ್ತದೆ, ಈ ಧೂಳನ್ನು ತಡೆಯದು. ಅದರದೇ ನೂಲೆಳೆ ಉದುರಿ ಒಳಗೆ ಹೋಗುವುದೂ ಉಂಟು.

ಯಾವ ಫಿಲ್ಟರ್?

ಕೆಲಸ ಎರಡು, ಆದ್ದರಿಂದ ಫಿಲ್ಟರೂ ಎರಡು ಬೇಕು.

ಮೊದಲನೆಯದು ಬಟ್ಟಲು ಫಿಲ್ಟರ್. ಕೆಳಗೆ ಗಾಜಿನ ಅಥವಾ ಲೋಹದ ಬಟ್ಟಲು, ಒಳಗೆ ತಂತಿ ಜಾಲರಿ. ಡೀಸೆಲ್ ನೀರಿಗಿಂತ ಹಗುರ. ಅದು ನಿಧಾನ ಹರಿಯುವಾಗ ನೀರು, ದಪ್ಪ ಕಸ ಬಟ್ಟಲಿನ ತಳಕ್ಕೆ ಇಳಿಯುತ್ತವೆ. ಗಾಜಿನದಾದರೆ ಹೊರಗಿನಿಂದಲೇ ಕಾಣುತ್ತದೆ.

ಎರಡನೆಯದು ಕಾಗದದ ಎಲಿಮೆಂಟ್ ಇರುವ ಡೀಸೆಲ್ ಫಿಲ್ಟರ್. ಸಣ್ಣ ಧೂಳು ಹಿಡಿಯುವುದು ಇದು. ನಿಮ್ಮ ಇಂಜಿನ್ ಕಂಪನಿಯವರು ಹೇಳಿದ ನಂಬರಿನದೇ ತನ್ನಿ. ಬೈಕಿಗೆ ಹಾಕುವ ಪ್ಲಾಸ್ಟಿಕ್ ಫಿಲ್ಟರ್ ಅಗ್ಗಕ್ಕೆ ಸಿಗುತ್ತದೆ ಅಂತ ಪೈಪಿನ ನಡುವೆ ಸಿಕ್ಕಿಸುವವರಿದ್ದಾರೆ. ಅದು ಪೆಟ್ರೋಲಿನ ಕಾರ್ಬುರೇಟರ್ ತೂತು ಕಟ್ಟದಂತೆ ಮಾಡಿದ್ದು. ಡೀಸೆಲ್ ಪಂಪಿನ ಸಂದಿಗೆ ಅದರ ಜಾಲರಿ ಸಾಲದು. ಸೈಲೆನ್ಸರ್ ಹತ್ತಿರ ಇದ್ದರೆ ಪ್ಲಾಸ್ಟಿಕ್ ಕರಗಿ ಬೆಂಕಿಗೂ ದಾರಿ.

ಎಲ್ಲಿ ಕೂರಿಸಬೇಕು?

ಇಂಜಿನ್ ಮೇಲಿದ್ದ ಚಿಕ್ಕ ಟ್ಯಾಂಕ್ ತೆಗೆದು, ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡ್ ಮೇಲೆ 20 ಲೀಟರ್ ಟ್ಯಾಂಕ್ ಕೂರಿಸಿದೆ. 5 ಎಚ್.ಪಿ. ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಹಗಲೆಲ್ಲಾ ಓಡಿಸಿದರೂ ನಡುವೆ ಗಾಳಿಯಲ್ಲಿ ಮುಚ್ಚಳ ತೆಗೆಯುವ ಕೆಲಸವಿಲ್ಲ. ಮೇಲಿನಿಂದ ಕೆಳಕ್ಕೆ ಕ್ರಮ ಹೀಗಿದೆ:

1. ಟ್ಯಾಂಕಿನ ತಳ ಡೀಸೆಲ್ ಪಂಪಿಗಿಂತ 2 ಅಡಿ ಎತ್ತರ. ಇಂಜಿನ್ನಿಗೆ ಹೋಗುವ ಪೈಪು ತಳದಿಂದ ಒಂದು ಅಂಗುಲ ಮೇಲೆ. ತೀರಾ ತಳದಲ್ಲಿ ಬೇರೆ ತಿರುಪು, ಮಡ್ಡಿ ಮತ್ತು ನೀರು ಬಿಡಲು.
2. ಅದರ ಕೆಳಗೆ ಕಾಕ್. ಫಿಲ್ಟರ್ ಬಿಚ್ಚುವಾಗ ಡೀಸೆಲ್ ಚೆಲ್ಲುವುದಿಲ್ಲ.
3. ಕಾಕ್ ಆದ ಮೇಲೆ ಬಟ್ಟಲು ಫಿಲ್ಟರ್, ಕಣ್ಣಿಗೆ ಕಾಣುವ ಎತ್ತರದಲ್ಲಿ.
4. ಆಮೇಲೆ ಕಾಗದದ ಫಿಲ್ಟರ್, ಡೀಸೆಲ್ ಪಂಪಿಗೆ ಹತ್ತಿರ, ಸೈಲೆನ್ಸರಿಗೆ ಎದುರು ಪಕ್ಕದಲ್ಲಿ. ಒಳಕ್ಕೆ, ಹೊರಕ್ಕೆ ಎಂಬ ಬಾಣದ ಗುರುತು ತಪ್ಪಬಾರದು.
5. ಕೊನೆಯ ತುಂಡು ಡೀಸೆಲ್ಲಿಗೆಂದೇ ಮಾಡಿದ ರಬ್ಬರ್ ಪೈಪು, ಎರಡೂ ಕಡೆ ಕ್ಲಿಪ್. ಇಂಜಿನ್ ಅದುರು ಸ್ಟ್ಯಾಂಡಿಗೆ ತಾಗುವುದಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಪೈಪು ಬಿಸಿಲಿಗೆ ಗಡುಸಾಗಿ ಸೀಳುತ್ತದೆ.

ಪೈಪು ಎಲ್ಲೂ ಏರಿ ಇಳಿಯಬಾರದು, ಇಳಿಜಾರಾಗೇ ಬರಬೇಕು. ಏರಿದ ಕಡೆ ಗಾಳಿ ಕೂರುತ್ತದೆ. ಟ್ಯಾಂಕಿಗೆ ಸತು ಲೇಪಿಸಿದ ಜಿ.ಐ. ತಗಡು ಬೇಡ. ಡೀಸೆಲ್ಲಿಗೆ ಸತು ಸೇರಿ ಲೋಳೆಯಂತಾಗಿ ಫಿಲ್ಟರ್ ಕಟ್ಟುತ್ತದೆ. ಬರೀ ಕಬ್ಬಿಣದ ತಗಡು ಸಾಕು.

ಒಳ್ಳೆಯದೇ ಅಂತ ಎರಡು ಮೂರು ಕಾಗದದ ಫಿಲ್ಟರ್ ಸಾಲಾಗಿ ಹಾಕುವುದೂ ಸರಿಯಲ್ಲ. 2 ಅಡಿ ಎತ್ತರದ ಡೀಸೆಲ್ ಕೊಡುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 50 ಗ್ರಾಂ ಅಷ್ಟೆ. ಅದು ಅಷ್ಟೊಂದು ಕಾಗದ ದಾಟಲು ಒದ್ದಾಡುತ್ತದೆ. ಬೇಕಾದರೆ ದೊಡ್ಡ ಎಲಿಮೆಂಟಿನ ಒಂದೇ ಫಿಲ್ಟರ್ ಹಾಕಿ.

ಟ್ರ್ಯಾಕ್ಟರ್, ಜೀಪು ಇದ್ದವರಿಗೆ

ಅಲ್ಲಿ ಟ್ಯಾಂಕ್ ಕೆಳಗಿದ್ದರೆ ಫೀಡ್ ಪಂಪು ಡೀಸೆಲ್ಲನ್ನು ಎಳೆದುಕೊಳ್ಳುತ್ತದೆ. ಹೀರುವ ಕಡೆ ಜಾಲರಿ ಮತ್ತು ಬಟ್ಟಲು, ತಳ್ಳುವ ಕಡೆ ಕಾಗದದ ಫಿಲ್ಟರ್: ಇದೇ ಸೂತ್ರ. ಹೀರುವ ಕಡೆಗೇ ಸಣ್ಣ ಫಿಲ್ಟರ್ ಹಾಕಿ ಅದು ಕಟ್ಟಿದರೆ ಪಂಪಿಗೆ ಡೀಸೆಲ್ ಸಾಲದು, ಸಡಿಲವಿದ್ದಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ತಳ್ಳುವ ಕಡೆ ಸಡಿಲವಾದರೆ ಹನಿ ಬಿದ್ದು ಗೊತ್ತಾಗುತ್ತದೆ. ಹೀರುವ ಕಡೆ ಹನಿಯೇ ಬೀಳದಿರಬಹುದು, ಆದರೂ ಗಾಳಿ ಹೋಗುತ್ತಿರುತ್ತದೆ. ಹಳೆ ಜೀಪಿಗೆ ಬೇರೆ ಇಂಜಿನ್ ಕೂರಿಸಿದವರು ಇದನ್ನು ಮುಖ್ಯವಾಗಿ ನೋಡಬೇಕು. ಕಾಮನ್ ರೈಲ್ ಇರುವ ಹೊಸ ಇಂಜಿನ್ನುಗಳಿಗೆ ಮಾತ್ರ ಕೈ ಹಾಕಬೇಡಿ. ಅಲ್ಲಿ ಒತ್ತಡ ಬಹಳ ಹೆಚ್ಚು, ಕಂಪನಿ ಫಿಲ್ಟರೇ ಬೇಕು.

ಹೊಂಗೆ ಎಣ್ಣೆ ಹಾಕುವುದಾದರೆ

1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಒಂದನ್ನು ಶೇಂಗಾ ಎಣ್ಣೆಯಲ್ಲಿ ಓಡಿಸಿ ತೋರಿಸಿದ್ದರು. ನಮ್ಮ ಬದುವಿನ ಹೊಂಗೆ ಎಣ್ಣೆಯಲ್ಲೂ ಇಂಜಿನ್ ಓಡುತ್ತದೆ. ಆದರೆ ಹಸಿ ಎಣ್ಣೆ ಡೀಸೆಲ್ಲಿಗಿಂತ ಬಹಳ ಮಂದ, ಚಳಿಯಲ್ಲಂತೂ ಕಾಗದ ದಾಟುವುದೇ ಕಷ್ಟ. ಸಂಸ್ಕರಿಸಿದ ಬಯೋಡೀಸೆಲ್ ಅಷ್ಟು ಮಂದವಲ್ಲ, ಆದರೆ ಹಳೆ ಟ್ಯಾಂಕಿನ ಮಡ್ಡಿಯನ್ನೆಲ್ಲ ತೊಳೆದು ತರುತ್ತದೆ. ಮೊದಮೊದಲು ಫಿಲ್ಟರ್ ಬೇಗ ಕಟ್ಟುತ್ತದೆ, ಒಂದು ಹೆಚ್ಚಿಗೆ ಇಟ್ಟುಕೊಳ್ಳಿ. ಮಾಮೂಲಿ ರಬ್ಬರ್ ಪೈಪೂ ಮೆತ್ತಗಾಗಬಹುದು, ಆಗಾಗ ನೋಡಿ.

ನೋಡಿಕೊಳ್ಳುವುದು

ಸಂಜೆ ಕೆಲಸ ಮುಗಿದ ಕೂಡಲೇ ಟ್ಯಾಂಕ್ ತುಂಬಿಸಿಡಿ. ಖಾಲಿ ಜಾಗ ಇದ್ದರೆ ರಾತ್ರಿ ತಂಪಿಗೆ ಒಳಗಿನ ಗಾಳಿಯ ತೇವ ನೀರಾಗುತ್ತದೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ತಳದ ತಿರುಪಿನಿಂದ ಸ್ವಲ್ಪ ಡೀಸೆಲ್ ಗಾಜಿನ ಸೀಸೆಗೆ ಬಿಡಿ. ತಳದಲ್ಲಿ ಗುಂಡುಗುಂಡಾಗಿ ನೀರು ಕಂಡರೆ ಅದು ಹೋಗುವ ತನಕ ಬಿಡಿ.

ಕಾಗದದ ಎಲಿಮೆಂಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕಬಾರದು. ತೊಳೆಯುವಾಗ ಧೂಳು ಒಳಗಡೆಗೆ ದಾಟುತ್ತದೆ, ಕಾಗದವೂ ಹರಿಯುತ್ತದೆ. ಹೊಸದನ್ನು ಹಾಕಿದ ದಿನ ಅದರ ಮೇಲೆ ಬಣ್ಣದಲ್ಲಿ ತಾರೀಕು ಬರೆದಿಡಿ. ಹೊಸ ಫಿಲ್ಟರಿನೊಳಕ್ಕೆ ಕ್ಯಾನಿನಿಂದ ನೇರ ಡೀಸೆಲ್ ಸುರಿಯಬೇಡಿ. ಕಾಕ್ ಬಿಟ್ಟು, ಫಿಲ್ಟರ್ ಮೇಲಿನ ಏರ್ ತಿರುಪು ಸಡಿಲಿಸಿ, ಗುಳ್ಳೆ ನಿಂತ ಮೇಲೆ ಬಿಗಿ ಮಾಡಿ. ನಂತರ ಡೀಸೆಲ್ ಪಂಪಿನದು, ಕೊನೆಗೆ ನಾಜಲ್ ಪೈಪಿನದು.

ಇಂಜಿನ್ ಹತ್ತು ನಿಮಿಷ ಓಡಿ ನಿಂತರೆ ಫಿಲ್ಟರಿಗಿಂತ ಮೊದಲು ಟ್ಯಾಂಕಿನ ಮುಚ್ಚಳದ ಗಾಳಿತೂತು ನೋಡಿ. ಮುಚ್ಚಳ ಸಡಿಲಿಸಿದಾಗ ಸರಿ ಓಡಿದರೆ ತೂತು ಕಟ್ಟಿದೆ ಅಂತಲೇ ಅರ್ಥ. ಭಾರ ಬಿದ್ದಾಗ ಹೊಗೆಯಿಲ್ಲದೆ ವೇಗ ಇಳಿದರೆ ಡೀಸೆಲ್ ಸಾಲುತ್ತಿಲ್ಲ. ಕಪ್ಪು ಹೊಗೆ ಬಂದರೆ ಮೊದಲು ಗಾಳಿ ಫಿಲ್ಟರ್ ಬಿಚ್ಚಿ ನೋಡಿ.

ಎಲಿಮೆಂಟಿನ ಬೆಲೆ ಪಂಪು ರಿಪೇರಿಯ ಖರ್ಚಿಗೆ ಹೋಲಿಸಿದರೆ ಏನೂ ಅಲ್ಲ. ಮುಂಗಾರಿಗೆ ಬೀಜ ಗೊಬ್ಬರ ಕೂಡಿಡುವಾಗ ಒಂದು ಎಲಿಮೆಂಟ್, ಅದರ ವಾಷರ್, ಎರಡು ಕ್ಲಿಪ್ ಸಹ ಕೂಡಿಡಿ. ಹೊಂಗೆ ಎಣ್ಣೆಯಲ್ಲಿ ಎರಡು ಮೂರು ಹಂಗಾಮು ಇಂಜಿನ್ ಓಡಿಸಿದವರು ಇದ್ದರೆ, ಎಷ್ಟು ಗಂಟೆಗೆ ಫಿಲ್ಟರ್ ಬದಲಿಸಿದಿರಿ ಅಂತ ಪತ್ರಿಕೆಗೆ ಬರೆಯಿರಿ. ನನ್ನಂಥವರಿಗೆ ಅನುಕೂಲ.