ಒಂದೇ ಭರಣಿಯನ್ನು ನಂಬಬೇಡಿ!

ಸೋದರಿಯರೇ, ವರ್ಷದ ಅಪ್ಪೆಮಿಡಿಯನ್ನೆಲ್ಲ ನೀವು ಒಂದೇ ಭರಣಿಗೆ ತುಂಬುತ್ತೀರಾ? ಇಲ್ಲ. ಒಂದು ಕೆಟ್ಟರೆ ಇನ್ನೊಂದಿರಲಿ ಎಂದು ಎರಡು ಭರಣಿ ಮಾಡುತ್ತೀರಿ. ಆದರೆ ಮಗಳ ಮದುವೆಯ ಫೋಟೋ, ತೋಟದ ಲೆಕ್ಕ, ಈಗಿಲ್ಲದ ಅತ್ತೆಯವರು ಹೇಳಿದ ಹಸೆ ಹಾಡು, ಇವೆಲ್ಲ ಕಂಪ್ಯೂಟರಿನ ಒಂದೇ ಹಾರ್ಡ್ ಡಿಸ್ಕಿನಲ್ಲಿ ಕೂತಿರುತ್ತವೆ, ಅಲ್ಲವೇ?

ಆನಂದಪುರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಗುಡುಗು-ಸಿಡಿಲು, ಹೋಗಿ ಬರುವ ಕರೆಂಟು ನಿಮಗೆ ಗೊತ್ತಿದ್ದದ್ದೇ. ಡಿಸ್ಕು ಸುಟ್ಟರೆ ಹೊಸದು ಅಂಗಡಿಯಲ್ಲಿ ಸಿಗುತ್ತದೆ. ಅತ್ತೆಯವರ ದನಿ ಸಿಗೋದಿಲ್ಲ.

ಸಾಗರದ ಬಳಿಯ ಕೆಳದಿ ವಸ್ತುಸಂಗ್ರಹಾಲಯದಲ್ಲಿ ಓಲೆಗರಿಗಳನ್ನು ನೋಡಿರಬಹುದು. ಗರಿ ಹಾಳಾಗುವ ಮೊದಲೇ ಹೊಸ ಗರಿಗೆ ಪ್ರತಿ ಮಾಡಿಕೊಳ್ಳುವುದು ಹಿರಿಯರ ರೂಢಿ. ಡಿಸ್ಕಿಗೂ ಇದೇ ಉಪಾಯ.

ಇದಕ್ಕೆ ಕಾಸು ಖರ್ಚಿಲ್ಲದ ಸಾಫ್ಟ್‌ವೇರ್‌ಗಳಿವೆ. ತೈವಾನ್ ದೇಶದಲ್ಲಿ ತಯಾರಾದ ಕ್ಲೋನ್‌ಜಿಲ್ಲಾ ಹೆಸರುವಾಸಿ. ಅದರಲ್ಲಿ ಮೌಸ್ ಬಳಕೆಯಿಲ್ಲ, ಬರೀ ಅಕ್ಷರದ ಪರದೆ. ಹೊಸಬರಿಗೆ ಮೌಸ್‌ನಿಂದಲೇ ನಡೆಯುವ ರೆಸ್ಕ್ಯೂಜಿಲ್ಲಾ ಸುಲಭ.

ಬೇಕಾಗುವ ಸಾಮಗ್ರಿ: ಖಾಲಿ ಪೆನ್ ಡ್ರೈವ್ ಒಂದು, ಕಂಪ್ಯೂಟರಿನ ಡಿಸ್ಕಿಗಿಂತ ದೊಡ್ಡದಾದ ಹೊರಗಿನ ಹಾರ್ಡ್ ಡಿಸ್ಕ್ ಒಂದು, ಬಿಡುವಿನ ಒಂದು ಮಧ್ಯಾಹ್ನ.

ವಿಧಾನ: ಸಾಫ್ಟ್‌ವೇರನ್ನು ಪೆನ್ ಡ್ರೈವಿಗೆ ಬರೆಸಿ. ಸುಮ್ಮನೆ ಕಾಪಿ ಮಾಡಿದರೆ ಸಾಲದು. ಕಾಲೇಜಿಗೆ ಹೋಗುವ ಮಕ್ಕಳ ಸಹಾಯ ಪಡೆಯಿರಿ. ಕಂಪ್ಯೂಟರನ್ನು ಆ ಪೆನ್ ಡ್ರೈವಿನಿಂದಲೇ ಚಾಲೂ ಮಾಡಿ. 'ಬ್ಯಾಕಪ್' ಆರಿಸಿದರೆ ಇಡೀ ಡಿಸ್ಕಿನ ಪ್ರತಿ ಗಂಟು ಕಟ್ಟಿದಂತೆ ಹೊರಗಿನ ಡಿಸ್ಕಿನಲ್ಲಿ ಕೂರುತ್ತದೆ. 'ಕ್ಲೋನ್' ಆರಿಸಿದರೆ ಎರಡನೇ ಡಿಸ್ಕು ಮೊದಲನೆಯದರ ಅವಳಿಯಾಗುತ್ತದೆ, ಆದರೆ ಅದರಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ! ಮನೆಬಳಕೆಗೆ ಬ್ಯಾಕಪ್ಪೇ ಸಾಕು. ಬರೀ ಫೋಟೋ, ಹಾಡು ಉಳಿಸುವುದಾದರೆ ಇಷ್ಟೆಲ್ಲ ಬೇಡ, ಹೊರಗಿನ ಡಿಸ್ಕಿಗೆ ಕಾಪಿ ಮಾಡಿದರಾಯಿತು.

ಎಚ್ಚರಿಕೆ: ಯಾವುದರಿಂದ, ಯಾವುದಕ್ಕೆ ಎಂಬುದನ್ನು ಎರಡು ಸಲ ಓದಿ ನೋಡದೆ ಗುಂಡಿ ಒತ್ತಬೇಡಿ. ಅದಲು ಬದಲಾದರೆ ಉಳಿಸಬೇಕಾದದ್ದೇ ಅಳಿಯುತ್ತದೆ. ಡಿಸ್ಕು ಆಗಲೇ ಟಕ್ ಟಕ್ ಸದ್ದು ಮಾಡುತ್ತಿದ್ದರೆ ಕಂಪ್ಯೂಟರ್ ಆರಿಸಿ, ತಿಳಿದವರಿಗೆ ತೋರಿಸಿ.

ಕೆಲಸ ಮುಗಿದ ಮೇಲೆ ಹೊರಗಿನ ಡಿಸ್ಕನ್ನು ಬಿಚ್ಚಿಡಿ. ಚುಚ್ಚಿಯೇ ಇಟ್ಟರೆ ಸಿಡಿಲು ಎರಡನ್ನೂ ಸುಡಬಹುದು. ತವರುಮನೆಯ ಬೀರುವಿನಲ್ಲಿ ಬೀಗ ಹಾಕಿಟ್ಟರೆ ಇನ್ನೂ ಒಳ್ಳೆಯದು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹೊಸ ಪ್ರತಿ ಮಾಡಿಕೊಳ್ಳಿ. ಯುಗಾದಿಯದನ್ನು ಮಾತ್ರ ಮುಂದೂಡಬೇಡಿ. ಅದರ ಬೆನ್ನಿಗೇ ಗುಡುಗಿನ ದಿನಗಳು ಬರುತ್ತವೆ.