ಐದು ಮನೆಯ ಕೊಪ್ಪ

‘ಕೊಪ್ಪ’ ಎಂದು ಬರೆಯಲು ನಮಗೆ ಎರಡಕ್ಷರ ಸಾಕು. ಆ ಹುಡುಗನಿಗೆ ಐದು ಮನೆ ಬೇಕು. ‘ಕ’ಗೆ ಒಂದು, ಒಕಾರಕ್ಕೆ ಇನ್ನೊಂದು, ಮುಂದೆ ಒತ್ತು ಬರಲಿದೆ ಎಂದು ತಿಳಿಸುವ ಒಂಟಿ ಚುಕ್ಕಿಗೆ ಮತ್ತೊಂದು, ಆಮೇಲೆ ಎರಡು ‘ಪ’. ಬ್ರೈಲ್‌ನಲ್ಲಿ ಒತ್ತಕ್ಷರ ಕೆಳಗಿಳಿಯುವುದಿಲ್ಲ. ಎಲ್ಲವೂ ಒಂದೇ ಸಾಲಿನಲ್ಲಿ, ಬೆರಳು ನಡೆಯುವ ದಾರಿಯಲ್ಲೇ ನಿಲ್ಲಬೇಕು.

ಕಬ್ಬು ಅರೆಯುವ ಕಾಲ. ಕೊಪ್ಪದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಲೋಡು ಗಾಡಿಗಳು ಸಾಲುಗಟ್ಟಿದ್ದವು. ಒಂದು ದಿನದ ಕೂಲಿ ಬಿಟ್ಟು ಆ ಹುಡುಗನ ಅಪ್ಪ ಅವ್ವ ಅವನನ್ನು ನೋಡಲು ಹೊರಟಿದ್ದರು, ಜೊತೆಗೆ ನಾನು. ಮದ್ದೂರಿಗೆ ಬಸ್ಸು, ಅಲ್ಲಿಂದ ಮೈಸೂರಿಗೆ ರೈಲು. ಅವ್ವನ ಮಡಿಲಲ್ಲಿ ಬಟ್ಟೆ ಸುತ್ತಿದ ಒಬ್ಬಟ್ಟಿನ ಡಬ್ಬಿ. ಹುಟ್ಟಿನಿಂದಲೇ ಕಣ್ಣು ಕಾಣದ ಮಗನನ್ನು ಹಾಸ್ಟೆಲಿಗೆ ಬಿಟ್ಟು ಬಂದ ರಾತ್ರಿ ಒಲೆ ಹಚ್ಚಲಿಲ್ಲ ಎಂದು ಆಕೆ ಹೇಳಿದ್ದು ಮಂಡ್ಯ ದಾಟಿದ ಮೇಲೆ.

ಮೈಸೂರಿಗೆ ಅಂಧ ಮಕ್ಕಳ ಶಾಲೆಯ ನಂಟು ಹಳೆಯದು. 1901ರಲ್ಲೇ ಎಂ. ಶ್ರೀನಿವಾಸರಾವ್ ಇಲ್ಲಿ ಕಿವುಡ ಮತ್ತು ಅಂಧ ಮಕ್ಕಳಿಗಾಗಿ ಶಾಲೆ ತೆರೆದರು. ನಮ್ಮ ಹುಡುಗ ಓದುವ ತಿಲಕ್ ನಗರದ ಸರ್ಕಾರಿ ಶಾಲೆಯ ಬೇರು ಅದೇ. ಕಣ್ಣಿಲ್ಲದ ಮಗುವಿಗೆ ಹಾಡು ಬಂದರೆ ಸಾಕು, ಅಕ್ಷರವೇಕೆ ಎನ್ನುವವರೇ ಹೆಚ್ಚಿದ್ದ ಕಾಲದಲ್ಲಿ ಅದು ದೊಡ್ಡ ಎದೆಗಾರಿಕೆ.

ನಾವು ಶಾಲೆ ತಲುಪಿದಾಗ ಹುಡುಗ ಸ್ಲೇಟು ತೆಗೆದ. ಕಿಂಡಿಗಳಿರುವ ಲೋಹದ ಪಟ್ಟಿ, ಅದರಡಿ ದಪ್ಪ ಹಾಳೆ, ಕೈಯಲ್ಲಿ ಮೊಂಡು ಮೊನೆಯ ಕಡ್ಡಿ. ಒಂದು ಕಿಂಡಿಯೇ ಒಂದು ಮನೆ, ಅದರಲ್ಲಿ ಆರು ಚುಕ್ಕಿಗೆ ಜಾಗ. ಚುಚ್ಚಿದ ಚುಕ್ಕಿ ಹಿಂಬದಿಗೆ ಉಬ್ಬುವುದರಿಂದ ಬಲದಿಂದ ಎಡಕ್ಕೆ, ಕನ್ನಡಿಯೊಳಗಿನ ಅಕ್ಷರದಂತೆ ಬರೆಯಬೇಕು. ಹಾಳೆ ತಿರುವಿ ಎಡದಿಂದ ಬಲಕ್ಕೆ ಓದಬೇಕು. ಪ್ರತಿ ಅಕ್ಷರವನ್ನೂ ಎರಡು ಬಗೆಯಲ್ಲಿ ಬಲ್ಲ ಮಕ್ಕಳಿವರು. ಇವರನ್ನು ಕಂಡು ‘ಅಯ್ಯೋ ಪಾಪ’ ಎನ್ನುವುದು ನನ್ನ ನಾಲಿಗೆಯಿಂದ ಅಂದೇ ಬಿಟ್ಟುಹೋಯಿತು.

ಈ ಲಿಪಿ ಹುಟ್ಟಿದ್ದೂ ದಬ್ಬಳದ ಮೊನೆಯಿಂದ. ಫ್ರಾನ್ಸಿನ ಕೂಪ್ರೇ ಎಂಬ ಹಳ್ಳಿಯಲ್ಲಿ ಕುದುರೆ ಜೀನು ಹೊಲಿಯುವವನ ಮಗ ಲೂಯಿ ಬ್ರೈಲ್. ಮೂರನೇ ವಯಸ್ಸಿನಲ್ಲಿ ಅಪ್ಪನ ದಬ್ಬಳ ಕಣ್ಣಿಗೆ ಚುಚ್ಚಿ ದೃಷ್ಟಿ ಹೋಯಿತು. ಹದಿನೈದರ ಹೊತ್ತಿಗೆ ಅಂಥದೇ ಮೊನೆಯಿಂದ ಚುಕ್ಕಿ ಚುಚ್ಚಿ ಲಿಪಿ ಕಟ್ಟಿದ. ಗೋಣಿಚೀಲ ಹೊಲಿಯುವ ದಬ್ಬಳ ಬಲ್ಲ ನಮ್ಮ ಹುಡುಗನ ಅಪ್ಪ ಈ ಕಥೆ ಕೇಳಿ ಬಹಳ ಹೊತ್ತು ಮಾತಾಡಲಿಲ್ಲ.

ಇಂಥ ಮಕ್ಕಳ ಓದು ಈಗ ಕಾನೂನಿನ ಹಕ್ಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ಮಗುವಿನದು. ಆದರೆ ಬ್ರೈಲ್ ಬಲ್ಲ ಮೇಷ್ಟ್ರು ಹತ್ತಿರದ ಶಾಲೆಯಲ್ಲಿ ಇಲ್ಲದಿದ್ದರೆ ಆಯ್ಕೆಯೆಲ್ಲಿ? ಈ ಹುಡುಗನನ್ನು ಮೊದಲು ಸೇರಿಸಿದ ಶಾಲೆಯಲ್ಲಿ ಅವನನ್ನು ಮೂಲೆಯಲ್ಲಿ ಕೂರಿಸಿದ್ದರು, ಅಷ್ಟೇ. ಆರು ವರ್ಷದ ಕೂಸು ಅಕ್ಷರಕ್ಕಾಗಿ ಅವ್ವನ ಮಗ್ಗುಲು ಬಿಡಬೇಕಾದದ್ದು ನನಗೆ ಇಂದಿಗೂ ನುಂಗಲಾಗದ ತುತ್ತು.

ಇಂಥ ಶಾಲೆಗಳಿಗೆ ಹುಟ್ಟುಹಬ್ಬದ ದಿನ ಸಿಹಿ ಹಂಚಲು ಹೋಗುವವರು ಬಹಳ. ಹೋಗಲಿ, ಸಂತೋಷ. ಹೋಗುವಾಗ ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಗಳನ್ನೂ ಒಯ್ಯಿರಿ. ತೆಳು ಕಾಗದ ಚುಕ್ಕಿ ಹಿಡಿಯದು, ಹರಿಯುತ್ತದೆ. ಓದಿ ಮುಗಿದ ಪತ್ರಿಕೆಗಳ ದಪ್ಪ ಮುಖಪುಟವೂ ಬಂದೀತು.

ಅಂಥದೇ ಕ್ಯಾಲೆಂಡರ್ ಹಾಳೆಯ ಮೇಲೆ ಹುಡುಗ ಊರ ಹೆಸರು ಚುಚ್ಚಿ ಅಪ್ಪನ ಕೈಗಿಟ್ಟ. ಕಬ್ಬು ಕಡಿದು ಜಡ್ಡುಗಟ್ಟಿದ ಹೆಬ್ಬೆರಳು ಹಾಳೆಯ ಮೇಲೆ ಬಿಗಿಯಾಗಿ ಸರಿಯಿತು.

“ಹಂಗೆ ಒತ್‌ಬ್ಯಾಡ ಕಣಪ್ಪ, ಚುಕ್ಕಿ ಸತ್ತೋಯ್ತವೆ. ಮೆಲ್ಲುಕ್ ಮುಟ್ಟು,” ಎಂದ ಮಗ, ಅಪ್ಪನ ಹೆಬ್ಬೆರಳು ಬಿಡಿಸಿ ತೋರುಬೆರಳು ಹಿಡಿದು ಮೊದಲ ಮನೆಯ ಮೇಲಿಟ್ಟ. “ಇದು ಕ.”