ಹುಬ್ಬು ಜೋತುಬಿದ್ದ ಗುರು

ಹೈದರಾಬಾದಿನ ಹಳೇ ಪುಸ್ತಕದಂಗಡಿಯಲ್ಲಿ ಕಣ್ಣಿಗೆ ಬಿದ್ದದ್ದೇ ತಡ, ಚೌಕಾಸಿ ಕೂಡ ಮಾಡದೆ ಕೊಂಡುಬಿಟ್ಟೆ. ಹಮ್ಮಾಮ್ ಇಬ್ನ್ ಮುನಬ್ಬಿಹ್ ಅವರ ‘ಸಹೀಫಾ’ದ, ಅಂದರೆ ಪ್ರವಾದಿ ಮುಹಮ್ಮದರ ಮಾತು-ನಡೆಗಳ ವರದಿಗಳಾದ ಹದೀಸ್‌ಗಳ ಒಂದು ಕಟ್ಟಿನ, ಅನುವಾದ. ಇರುವುದು 138 ಹದೀಸ್ ಮಾತ್ರ. ಬುಖಾರಿಯವರ ದೊಡ್ಡ ಹದೀಸ್ ಸಂಗ್ರಹದ ಸಂಪುಟಗಳ ಪಕ್ಕದಲ್ಲಿ ಇಟ್ಟರೆ ಒಂಟಿಕೊಪ್ಪಲ್ ಪಂಚಾಂಗದಷ್ಟು. ಇದನ್ನು ಬೆಳಕಿಗೆ ತಂದವರೂ ಹೈದರಾಬಾದಿನವರೇ. 1908ರಲ್ಲಿ ಅಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಮುಹಮ್ಮದ್ ಹಮೀದುಲ್ಲಾ, ಬರ್ಲಿನ್ ಮತ್ತು ಡಮಾಸ್ಕಸ್ಸಿನ ಎರಡು ಹಸ್ತಪ್ರತಿಗಳನ್ನು ಒಟ್ಟಿಗಿಟ್ಟು ನೋಡಿ 1953ರಲ್ಲಿ ಅಚ್ಚು ಮಾಡಿಸಿದರು.

ಹಮ್ಮಾಮ್ ಯೆಮನ್‌ನವರು, ಪರ್ಷಿಯನ್ ಮೂಲದವರು. ದಂಡಯಾತ್ರೆಗೆ ಹೋಗುತ್ತಿದ್ದರು, ಸಹೋದರ ವಹಬ್‌ಗೆ ಪುಸ್ತಕ ಕೊಂಡುಕೊಡುತ್ತಿದ್ದರು ಎಂದು ಹಳೆಯ ಚರಿತ್ರಕಾರರು ಬರೆದಿದ್ದಾರೆ. (ನನಗೆ ಆತ ಹಿಡಿಸಿದ್ದೇ ಅಲ್ಲಿ.) ಮದೀನಾದಲ್ಲಿ ಪ್ರವಾದಿಯ ಒಡನಾಡಿ ಅಬೂ ಹುರೈರಾ ಅವರ ಬಳಿ ಕುಳಿತು ಪ್ರವಾದಿಯ ಮಾತುಗಳನ್ನು ಕೇಳಿದರು. ಹಮ್ಮಾಮರಿಂದ ಮಅಮರ್ ಇಬ್ನ್ ರಾಶಿದ್, ಮಅಮರ್‌ರಿಂದ ಸನಾದ ಅಬ್ದುಲ್ ರಝಾಕ್ ಅವನ್ನು ಪಡೆದರು.

ಇನ್ನು ಹುಬ್ಬಿನ ವಿಷಯ. ಮಅಮರ್ ಬಂದಾಗ ಹಮ್ಮಾಮ್ ಎಷ್ಟು ಮುದುಕರಾಗಿದ್ದರೆಂದರೆ ಹುಬ್ಬುಗಳು ಕಣ್ಣಿನ ಮೇಲೆ ಇಳಿಬಿದ್ದಿದ್ದವಂತೆ. ಸಹೀಫಾದ ಒಂದಷ್ಟನ್ನು ತಾವೇ ಓದಿ ದಣಿದರು. ಉಳಿದದ್ದನ್ನು ಮಅಮರ್ ತೆಗೆದುಕೊಂಡು ಓದಿದರು. ಈ ವಿವರ ಕೊಟ್ಟವರು ಹದೀಸ್ ವಿದ್ವಾಂಸ ಅಹ್ಮದ್ ಇಬ್ನ್ ಹಂಬಲ್. ಕೆಲವರು ಹಮ್ಮಾಮ್ 719ರ ಸುಮಾರಿಗೆ ತೀರಿಕೊಂಡರು ಎನ್ನುತ್ತಾರೆ. ಮಅಮರ್ ಹುಟ್ಟಿದ್ದು 714ರ ಆಸುಪಾಸಿನಲ್ಲಿ. ಐದು ವರ್ಷದ ಮಗು ತನ್ನೂರು ಬಸ್ರಾದಿಂದ ಯೆಮನ್‌ಗೆ ಹೋಗಿ ಹದೀಸ್ ಓದಿತೇ? 750ರ ಸುಮಾರು ಎನ್ನುವವರ ಲೆಕ್ಕವೇ ಸರಿ. ಅಬೂ ಹುರೈರಾ ತೀರಿಕೊಂಡದ್ದು 680ರ ಆಜುಬಾಜು. ಆಗ ಹಮ್ಮಾಮ್ ಹದಿಹರೆಯದವರು ಎಂದುಕೊಂಡರೂ ಕೊನೆಗೆ ಎಂಬತ್ತು ದಾಟಿರಬೇಕು. ಹುಬ್ಬು ಜೋಲದೆ ಇನ್ನೇನು!

ಇದೇ ಅತ್ಯಂತ ಹಳೆಯ ಹದೀಸ್ ಗ್ರಂಥ ಎಂದು ಭಾಷಣಗಳಲ್ಲಿ ಅಬ್ಬರಿಸುವವರ ಜೊತೆ ನಾನಿಲ್ಲ. ಹಮೀದುಲ್ಲಾ ನೋಡಿದ ಪ್ರತಿಗಳೆರಡೂ ಹಮ್ಮಾಮ್ ಕಾಲವಾಗಿ ಶತಮಾನಗಳಾದ ಮೇಲೆ ಬರೆದವು. ಆದರೆ ಅಬ್ದುಲ್ ರಝಾಕರ ಶಿಷ್ಯರಾದ ಇದೇ ಅಹ್ಮದ್, ತಮ್ಮ ಹದೀಸ್ ಸಂಗ್ರಹ ‘ಮುಸ್ನದ್’ನಲ್ಲಿ ಈ ಕಟ್ಟನ್ನು ಹೆಚ್ಚುಕಡಿಮೆ ಇಡಿಯಾಗಿ ಸೇರಿಸಿದ್ದಾರೆ, ಅದಕ್ಕೂ ಹಸ್ತಪ್ರತಿಗಳಿಗೂ ಬಹುಮಟ್ಟಿಗೆ ತಾಳೆಯಾಗುತ್ತದೆ. ಇನ್ನೊಬ್ಬ ಹದೀಸ್ ಸಂಗ್ರಹಕಾರ ಇಮಾಮ್ ಮುಸ್ಲಿಂ ಇನ್ನೂ ಕಟ್ಟುನಿಟ್ಟು: ಹಮ್ಮಾಮರ ಒಂದು ಹದೀಸ್ ಎತ್ತಿಕೊಳ್ಳುವಾಗಲೂ ಇದು ಅವರು ಹೇಳಿದ ಹಲವುಗಳಲ್ಲಿ ಒಂದು ಎಂದು ಮೊದಲೇ ತಿಳಿಸುತ್ತಾರೆ. ಅಂದರೆ ಅವರಿಬ್ಬರ ಕಾಲವಾದ ಒಂಬತ್ತನೇ ಶತಮಾನದಲ್ಲೇ ಈ ಕಟ್ಟು ಕಟ್ಟಾಗಿಯೇ ಇತ್ತು. ಅಲ್ಲಿಂದ ಹಿಂದಕ್ಕೆ ನಂಬಬೇಕಾದವರು ಅಬ್ದುಲ್ ರಝಾಕ್ ಮತ್ತು ಮಅಮರ್, ಇಬ್ಬರೇ. ಅವರಲ್ಲಿ ಅಬ್ದುಲ್ ರಝಾಕರಿಗೆ, ಯಾವುದನ್ನು ಮುದುಕರು ಓದಿದರು, ಯಾವುದನ್ನು ಮಅಮರ್ ಓದಿದರು ಎಂಬುದೇ ಗೊತ್ತಿರಲಿಲ್ಲವಂತೆ. ಕಟ್ಟುಕಥೆ ಹೆಣೆಯುವವರಾಗಿದ್ದರೆ ಅಷ್ಟೂ ಮುದುಕರ ಬಾಯಿಂದಲೇ ಬಂತು ಎನ್ನುತ್ತಿದ್ದರಲ್ಲವೇ?